ಬ್ರೇಕ್ ಪೈಪ್ ಬದಲಿಸುವುದು: ಬಾಯಿ ಅರಳಿಸುವ ಕೆಲಸ, ಕೂಡಿಸುವ ಕೆಲಸ

ಮಂಗಳೂರು, ಉಡುಪಿ, ಕಾರವಾರದ ಕಡೆ ಹತ್ತು ಹನ್ನೆರಡು ಮಳೆಗಾಲ ಕಂಡ ಕಾರನ್ನು ಎತ್ತಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪಿನ ಮೇಲೆ ಟಾರ್ಚ್ ಹಾಯಿಸಿ. ಗಾಳಿಯಾಡುವ ಉದ್ದನೆಯ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತುಕ್ಕು ತಿನ್ನುವುದು ಕ್ಲಿಪ್‌ಗಳ ಅಡಿಯಲ್ಲಿ, ಹಿಂದಿನ ಆಕ್ಸಲ್ ಹತ್ತಿರದ ತಿರುವಿನಲ್ಲಿ, ಪೆಟ್ರೋಲ್ ಟ್ಯಾಂಕಿನ ಮೇಲ್ಗಡೆ. ಕೆಸರು ಕೂತು ಒಣಗದೆ ಉಳಿಯುವ ಜಾಗಗಳು ಇವು. ಆ ಕೆಸರಿಗೆ ಕಡಲಿನ ಉಪ್ಪು ಗಾಳಿಯೂ ಸೇರಿದರೆ ಕೇಳುವುದೇ ಬೇಡ. ಕೆನಡಾದಲ್ಲೋ ಅಮೆರಿಕದ ಉತ್ತರ ಭಾಗದಲ್ಲೋ ಕಾರು ಇಟ್ಟುಕೊಂಡವರಿಗೆ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಇದೇ ಕೆಲಸವನ್ನು ಇನ್ನೂ ಬೇಗ ಮಾಡಿಕೊಡುತ್ತದೆ. ಖಾಸಗಿ ಕಾರಿಗೆ 15 ವರ್ಷ ತುಂಬಿ, ಆರ್‌ಸಿ ನವೀಕರಣಕ್ಕೆ ಒಯ್ಯುವ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು.

ಪೈಪಿನ ಗೋಡೆ ಇರುವುದೇ ಸುಮಾರು 0.7 ಮಿ.ಮೀ. ದಪ್ಪ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಒಳಗಿನ ಒತ್ತಡ 100 ಬಾರ್ ಮುಟ್ಟುವುದುಂಟು. ಅಂದರೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಸಿಮೆಂಟ್ ಮೂಟೆಯ ಭಾರ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಮೇಲಿನ ಕಂದು ಪುಡಿ ಉದುರಿ ಒಳಗೆ ನುಣುಪಾದ ಲೋಹ ಕಂಡರೆ ಸ್ವಚ್ಛ ಮಾಡಿ ಬಣ್ಣ ಬಳಿದು ಬಿಡಬಹುದು. ಗುಳಿ ಬಿದ್ದಿದ್ದರೆ, ಹೊಪ್ಪಳೆಯಾಗಿ ಏಳುತ್ತಿದ್ದರೆ, ಅಥವಾ ಒದ್ದೆ ಕಂಡರೆ ಆ ಪೈಪಿನ ಆಯುಷ್ಯ ಮುಗಿದಿದೆ. ಅದರ ಮೇಲೆ ಎಪಾಕ್ಸಿ ಮೆತ್ತುವುದು, ರಬ್ಬರ್ ಪೈಪ್ ತೊಡಿಸಿ ಕ್ಲಾಂಪ್ ಬಿಗಿಯುವುದು, ವೆಲ್ಡಿಂಗ್ ಹಾಕಿಸುವುದು, ಯಾವುದೂ ರಿಪೇರಿಯಲ್ಲ.

ಹೊಸ ಪೈಪ್ ಎಳೆಯುವುದು ಕಷ್ಟದ ಕೆಲಸವಲ್ಲ. ಕಷ್ಟವೆಲ್ಲ ಅದರ ತುದಿಯ ಎರಡು ಮೂರು ಮಿಲಿಮೀಟರಿನಲ್ಲಿದೆ. ಬ್ರೇಕ್ ಪೈಪಿನ ಜಾಯಿಂಟಿನಲ್ಲಿ ವಾಶರ್ ಇಲ್ಲ, ಟೇಪ್ ಇಲ್ಲ, ಗಮ್ ಇಲ್ಲ. ಸೋರದಂತೆ ತಡೆಯುವುದು ಥ್ರೆಡ್ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಥ್ರೆಡ್ಡಿನ ಕೆಲಸ ಬರೀ ಒತ್ತಿ ಹಿಡಿಯುವುದು. ಅರಳಿಸಿದ ಪೈಪಿನ ಬಾಯಿ ಎದುರಿನ ಸೀಟಿಗೆ, ಅಂದರೆ ತೂತಿನ ತಳದಲ್ಲಿ ಅದು ಕೂರುವ ಜಾಗಕ್ಕೆ, ಲೋಹಕ್ಕೆ ಲೋಹ ಕೂತು ಸೀಲ್ ಆಗುತ್ತದೆ. ಆದ್ದರಿಂದ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನವಿಲ್ಲ. ಅದರ ಚೂರು ಹರಿದು ಒಳಗೆ ಹೋಗಿ ಕೂರುವ ಅಪಾಯ ಮಾತ್ರ ಇದೆ.

ಯಾವ ಪೈಪ್ ತರಬೇಕು

ಹೆಚ್ಚಿನ ಕಾರುಗಳಲ್ಲಿ ಪೈಪಿನ ಹೊರ ಅಳತೆ 4.75 ಮಿ.ಮೀ., ಅಂಗಡಿಯ ಮಾತಿನಲ್ಲಿ 3/16 ಇಂಚು. ಆದರೂ ಹಳೆ ಪೈಪಿನ ತುಕ್ಕಿಲ್ಲದ ಭಾಗಕ್ಕೆ ವರ್ನಿಯರ್ ಹಿಡಿದು ನೋಡಿಯೇ ಹೊರಡಿ. ಕಂಪನಿಯಿಂದ ಬರುವುದು ಎರಡು ಪದರದ ಸ್ಟೀಲ್ ಪೈಪ್, ಮೇಲೆ ಸತು ಅಥವಾ ಪ್ಲಾಸ್ಟಿಕ್ ಲೇಪ. ಇದು ಗಟ್ಟಿ, ಆದರೆ ಕೈಯಲ್ಲಿ ಬಾಗಿಸುವುದೂ ಅರಳಿಸುವುದೂ ತ್ರಾಸ. ಇನ್ನೊಂದು ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್. ಸುಮಾರು ನೂರರಲ್ಲಿ ಹತ್ತು ಪಾಲು ನಿಕ್ಕಲ್, ಉಳಿದದ್ದು ಬಹುಪಾಲು ತಾಮ್ರ. ತುಕ್ಕು ಹಿಡಿಯುವುದಿಲ್ಲ, ಹೇಳಿದಂತೆ ಬಾಗುತ್ತದೆ, ಚೆನ್ನಾಗಿ ಅರಳುತ್ತದೆ. ಸಿಕ್ಕರೆ ಕರಾವಳಿಯ ಕಾರಿಗೆ ಇದನ್ನೇ ಹಾಕಿ, ಹೆಚ್ಚಿನ ದುಡ್ಡು ದಂಡವಲ್ಲ.

ಬೇಡವಾದದ್ದು ಫ್ರಿಡ್ಜ್, ಏಸಿ ಕೆಲಸದ ಬರೀ ತಾಮ್ರದ ಪೈಪ್. ಹೊರ ಅಳತೆ ಒಂದೇ, ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ, ಕೆಲಸಕ್ಕೂ ಮೆತ್ತಗೆ. ಹಾಗಾಗಿ ಎಷ್ಟೋ ಕಡೆ ಅದನ್ನೇ ಹಾಕಿಬಿಡುತ್ತಾರೆ. ಆದರೆ ಅದರ ಗೋಡೆ ದಪ್ಪ ಬ್ರೇಕಿನ ಲೆಕ್ಕಕ್ಕೆ ಮಾಡಿದ್ದಲ್ಲ. ಜೊತೆಗೆ ಶುದ್ಧ ತಾಮ್ರ ಅದುರುತ್ತ ಅದುರುತ್ತ ಗಡುಸಾಗಿ, ನಟ್ಟಿನ ಹಿಂದೆಯೇ ಸೀಳು ಬಿಡುತ್ತದೆ. ಹಾಕಿದ ದಿನ ಸೋರುವುದಿಲ್ಲ ಎಂಬುದೇ ಅದರ ಮೋಸ.

ಉದ್ದ ತಿಳಿಯಲು ಹಳೆ ಪೈಪಿನ ಮೇಲೆ ದಾರ ಎಳೆದು, ತಿರುವು ತಿರುವಿಗೂ ಬೆರಳಿಂದ ಒತ್ತಿ ಹಿಡಿದು ಅಳೆಯಿರಿ. ಅದಕ್ಕೆ ಒಂದು ಗೇಣು ಸೇರಿಸಿ ಕತ್ತರಿಸಿ. ಒಂದು ಫ್ಲೇರ್, ಅಂದರೆ ಅರಳಿಸಿದ ಬಾಯಿ, ಕೆಟ್ಟರೂ ಇನ್ನೊಮ್ಮೆ ಮಾಡಲು ಜಾಗ ಇರಬೇಕು.

ಬಾಯಿಯಲ್ಲಿ ಎರಡು ಜಾತಿ

ಅಂಗಡಿಗೆ ಹೋಗುವ ಮೊದಲು ಹಳೆ ಪೈಪಿನ ತುದಿ ಬಿಚ್ಚಿ ನೋಡಿ. ಮಾರುತಿ ಸುಜುಕಿ, ಟೊಯೋಟಾದಂಥ ಜಪಾನಿ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಡಬಲ್ ಫ್ಲೇರ್: ಆಲಿಕೆಯಂತೆ ಒಳಮುಖವಾಗಿ 45 ಡಿಗ್ರಿಗೆ ತೆರೆದ ಬಾಯಿ, ಅಂಚು ಒಳಕ್ಕೆ ಮಡಚಿ ಎರಡು ಪದರ. ಇದಕ್ಕೆ ಎದುರಾಗಿ ತೂತಿನ ತಳದಲ್ಲಿ ಉಬ್ಬಿದ ಕೋನ್ ಇರುತ್ತದೆ, ಆಲಿಕೆ ಹೋಗಿ ಅದರ ಮೇಲೆ ಕೂರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಯುರೋಪಿನ ಕಾರುಗಳಲ್ಲಿ ಬಬಲ್ ಫ್ಲೇರ್: ತುದಿ ಅಣಬೆಯ ಟೊಪ್ಪಿಯಂತೆ ಹೊರಕ್ಕೆ ಉಬ್ಬಿರುತ್ತದೆ, ಎದುರಿನ ಸೀಟು ಒಳಕ್ಕೆ ತಗ್ಗು. ಒಂದರ ಜಾಗಕ್ಕೆ ಇನ್ನೊಂದನ್ನು ಬಿಗಿದರೆ ನಟ್ ಹತ್ತುತ್ತದೆ, ಒಂದಷ್ಟು ದಿನ ತಡೆಯಲೂಬಹುದು. ಆದರೆ ಸೀಟು ಹಾಳಾಗುತ್ತದೆ. ಪೈಪನ್ನು ಮತ್ತೆ ಮಾಡಬಹುದು, ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಟು ಹೋದರೆ ಸಿಲಿಂಡರನ್ನೇ ಬದಲಿಸಬೇಕು.

ನಟ್ಟುಗಳಲ್ಲೂ ವ್ಯತ್ಯಾಸವಿದೆ. ಡಬಲ್ ಫ್ಲೇರ್ ನಟ್ಟಿನ ಮೂತಿ ಇಳಿಜಾರು, ಅರಳಿದ ಬಾಯಿಯ ಬೆನ್ನಿಗೆ ಹೊಂದಿಕೊಳ್ಳುತ್ತದೆ. ಬಬಲ್ ನಟ್ಟಿನ ಮೂತಿ ಚಪ್ಪಟೆ, ಮುಂದಿನ ಒಂದೆರಡು ಸುತ್ತು ಥ್ರೆಡ್ ಇಲ್ಲದೆ ಬೋಳು. ಥ್ರೆಡ್ ಬಹುತೇಕ ಎಂ10, ಪಿಚ್ 1.0, ಅಂದರೆ ಹೊರ ಅಳತೆ 10 ಮಿ.ಮೀ., ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಅಮೆರಿಕನ್ ಅಳತೆಯ ನಟ್ 3/8 ಇಂಚು, ಇಂಚಿಗೆ 24 ಥ್ರೆಡ್ಡಿನದು. ಅದರ ಹೊರ ಅಳತೆ 9.5 ಮಿ.ಮೀ. ಆದ್ದರಿಂದ ಎಂ10 ತೂತಿಗೆ ಸಲೀಸಾಗಿ ಹೋಗಿ ಲೊಡಲೊಡ ಅನ್ನುತ್ತದೆ, ಬಿಗಿಯುವಾಗ ಸ್ಲಿಪ್ ಆಗುತ್ತದೆ. ಆನ್‌ಲೈನ್ ಕಿಟ್‌ಗಳಲ್ಲಿ ಎರಡೂ ಬೆರೆತು ಬರುತ್ತವೆ, ನೋಡಿ ಆರಿಸಿ. ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೆಯ ತುದಿಯನ್ನು ನಟ್ ಸಮೇತ ಕತ್ತರಿಸಿ ಜೇಬಿಗೆ ಹಾಕಿಕೊಂಡು ಹೋದರೆ ಮಾತೇ ಬೇಕಾಗಿಲ್ಲ.

ಇನ್ನು ಸಿಂಗಲ್ ಫ್ಲೇರ್. ಫ್ರಿಡ್ಜ್ ಮೆಕ್ಯಾನಿಕ್ ಬಳಿಯ ಸಾಧನ ಕೊಡುವುದು ಇದನ್ನೇ. ಕೋನವೂ 45 ಡಿಗ್ರಿಯೇ, ನಟ್ ಹಾಕಿದ ಮೇಲೆ ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗದು. ಆದರೆ ಅರಳಿಸುವಾಗ ಗೋಡೆ ಹಿಗ್ಗಿ ಅಂಚು ಇನ್ನೂ ತೆಳ್ಳಗಾಗುತ್ತದೆ, ಸ್ಟೀಲ್ ಪೈಪಾದರೆ ಅಲ್ಲೇ ಕೂದಲೆಳೆಯ ಸೀಳೂ ಬೀಳುತ್ತದೆ. ಬ್ರೇಕಿಗೆ ಸಿಂಗಲ್ ಫ್ಲೇರ್ ಯಾವತ್ತೂ ಬೇಡ.

ಸಾಮಾನು

ಡಬಲ್ ಫ್ಲೇರಿಂಗ್ ಕಿಟ್, ಅಂದರೆ ತೂತುಗಳಿರುವ ಎರಡು ಹಲಗೆಯ ಬಾರ್, ಮೇಲೆ ಕೂರುವ, ತುದಿಯಲ್ಲಿ ಕೋನ್ ಇರುವ ಸ್ಕ್ರೂ ಚೌಕಟ್ಟು, ಅಳತೆಗೊಂದರಂತೆ ಚಿಕ್ಕ ಅಡಾಪ್ಟರ್‌ಗಳು. ಬಬಲ್ ಬೇಕಿದ್ದರೆ ಅದಕ್ಕೇ ಮಾಡಿದ ಡೈ ಇರುವ ಕಿಟ್ ತನ್ನಿ. ಡಬಲ್ ಫ್ಲೇರಿನ ಮೊದಲ ಹಂತಕ್ಕೇ ನಿಲ್ಲಿಸಿದರೂ ಬಬಲ್‌ನಂತೆಯೇ ಕಾಣುತ್ತದೆ, ಆದರೆ ಬೆನ್ನಿನ ಆಕಾರ ಬೇರೆ. ಪೈಪ್ ಕಟ್ಟರ್, ಬಾಯಿಯೊಳಗಿನ ಅಂಚು ತೆಗೆಯುವ ರೀಮರ್, ನುಣುಪು ಅರ, ಪೈಪ್ ಬೆಂಡರ್, 10 ಅಥವಾ 11 ನಂಬರಿನ ಫ್ಲೇರ್ ನಟ್ ಸ್ಪ್ಯಾನರ್. ಕೊನೆಯದನ್ನು ಬಿಟ್ಟು ಸಾದಾ ಸ್ಪ್ಯಾನರಿನಲ್ಲಿ ಕೆಲಸ ಮಾಡಲು ಹೋಗಬೇಡಿ. ಸಾದಾ ಸ್ಪ್ಯಾನರ್ ನಟ್ಟಿನ ಎರಡು ಮುಖ ಮಾತ್ರ ಹಿಡಿಯುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಪೈಪ್ ತೂರಿಸುವಷ್ಟು ಸಂದು ಬಿಟ್ಟು ಸುತ್ತಲೂ ಹಿಡಿಯುತ್ತದೆ. ತುಕ್ಕು ಹಿಡಿದ ನಟ್ ರೌಂಡ್ ಆಗದೆ ಬರುವುದು ಈ ಹಿಡಿತದಿಂದಲೇ.

ಕಾರಿನ ಅಡಿ ಹೋಗುವ ಮೊದಲು ಗಟ್ಟಿ ನೆಲ, ಚಕ್ರಗಳಿಗೆ ಕಲ್ಲು, ಸ್ಟ್ಯಾಂಡ್ ಎಲ್ಲ ಸರಿಯಾಗಿರಲಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ಹಿಂಭಾಗ ಎತ್ತಿದಾಗ ಹ್ಯಾಂಡ್‌ಬ್ರೇಕ್ ಹಿಡಿದಿರುವುದು ಗಾಳಿಯಲ್ಲಿರುವ ಚಕ್ರಗಳನ್ನು ಎಂಬುದೂ ನೆನಪಿರಲಿ. ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ, ಗೇರಿನಲ್ಲಿ ಇಡಿ.

ಹಳೆಯದನ್ನು ಬಿಚ್ಚುವುದು

ನಟ್ಟುಗಳ ಸುತ್ತ ತಂತಿ ಬ್ರಷ್ ಆಡಿಸಿ, ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಹಿಂದಿನ ರಾತ್ರಿಯೇ ಬಿಡಿ. ಮರುದಿನ ನಟ್ಟನ್ನು ಬಿಚ್ಚುವ ಮೊದಲು ಒಂದು ಕೂದಲೆಳೆ ಬಿಗಿಯುವತ್ತ ತಿರುಗಿಸಿ, ಆಮೇಲೆ ಸಡಿಲಿಸಿ. ತುಕ್ಕಿನ ಕಟ್ಟು ಒಡೆಯುವುದು ಎರಡೂ ಕಡೆ ಅಲುಗಾಡಿಸಿದಾಗ. ನಟ್ಟಿನ ಜೊತೆ ಪೈಪೂ ತಿರುಚುತ್ತಿದ್ದರೆ ಹೇಗೂ ಎಸೆಯುವ ಪೈಪ್ ತಾನೇ, ನಟ್ಟಿನ ಪಕ್ಕದಲ್ಲೇ ಕತ್ತರಿಸಿ, ಆರು ಮೂಲೆಯ ಸಾಕೆಟ್ ತೊಡಿಸಿ ಬಿಚ್ಚಿ. ರಬ್ಬರ್ ಹೋಸ್ ಸೇರುವ ಕಡೆ ಹೋಸಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಇಲ್ಲವಾದರೆ ಹೋಸ್ ಒಳಗೇ ತಿರುಚಿಕೊಂಡು ಹರಿಯುತ್ತದೆ. ಬೆಂಕಿ ಹಚ್ಚಿ ಕಾಯಿಸುವುದು ಬೇಡ. ಪಕ್ಕದಲ್ಲಿ ರಬ್ಬರ್ ಇದೆ, ಒಳಗೆ ಆಯಿಲ್ ಇದೆ, ಹತ್ತಿರವೇ ಪೆಟ್ರೋಲ್ ಟ್ಯಾಂಕ್.

ಪೈಪ್ ಬಿಚ್ಚಿದ ಮೇಲೆ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಆಯಿಲೆಲ್ಲ ಇಳಿದುಹೋಗದಂತೆ, ಪೆಡಲನ್ನು ಎರಡು ಮೂರು ಸೆಂ.ಮೀ. ಒತ್ತಿ, ಡ್ರೈವರ್ ಕೂರುವ ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ನಿಲ್ಲಿಸಿ. ಮಾಸ್ಟರ್ ಸಿಲಿಂಡರಿನಲ್ಲಿ ಡಬ್ಬಿಗೆ ಹೋಗುವ ಸಣ್ಣ ರಂಧ್ರವನ್ನು ಪಿಸ್ಟನ್ ದಾಟುತ್ತದೆ, ಸೋರುವುದು ನಿಲ್ಲುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಇದನ್ನು ಮರೆಯಲೇಬಾರದು. ಡಬ್ಬಿ ಬರಿದಾಗಿ ಎಬಿಎಸ್ ಘಟಕದೊಳಗೆ ಗಾಳಿ ಹೋದರೆ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ ಆ ಗಾಳಿ ಹೊರಬರುವುದಿಲ್ಲ.

ಹಳೆ ಪೈಪನ್ನು ಆದಷ್ಟು ಆಕಾರ ಕೆಡದಂತೆ ಇಳಿಸಿ ನೆಲದ ಮೇಲೆ ಇಡಿ. ಹೊಸದಕ್ಕೆ ಅದೇ ನಕ್ಷೆ.

ಕತ್ತರಿಸುವುದು, ಅರಳಿಸುವುದು

ಕಾರಿನ ಪೈಪನ್ನು ಮುಟ್ಟುವ ಮೊದಲು ತುಂಡು ಪೈಪಿನಲ್ಲಿ ಹತ್ತು ಫ್ಲೇರ್ ಮಾಡಿ. ಹತ್ತರಲ್ಲಿ ಕೊನೆಯ ಐದೂ ಒಂದೇ ಥರ ಬಂದರೆ ಕಾರಿಗೆ ಇಳಿಯಿರಿ. ಬರದಿದ್ದರೆ ಇನ್ನೂ ಹತ್ತು ಮಾಡಿ, ಪೈಪಿಗಿಂತ ಕಾರು ದುಬಾರಿ.

ಕಟ್ಟರಿನ ಚಕ್ರವನ್ನು ಪೈಪಿಗೆ ಮುಟ್ಟಿಸಿ ಒಂದು ಸುತ್ತು ತಿರುಗಿಸಿ, ಗುಂಡಿಯನ್ನು ಕಾಲು ಸುತ್ತು ಬಿಗಿಯಿರಿ, ಮತ್ತೆ ಸುತ್ತು. ಆತುರದಲ್ಲಿ ಹೆಚ್ಚು ಬಿಗಿದರೆ ಪೈಪ್ ಅಪ್ಪಚ್ಚಿಯಾಗುತ್ತದೆ, ಬಾಯಿ ಒಳಕ್ಕೆ ಮುದುಡುತ್ತದೆ. ಹ್ಯಾಕ್ಸಾ ಬೇಡ. ಓರೆಯಾಗಿ ಕೊಯ್ದ ತುದಿ ಓರೆಯಾಗಿಯೇ ಅರಳುತ್ತದೆ, ಮೇಲಾಗಿ ಲೋಹದ ಪುಡಿಯೂ ಒಳಗೆ ಬೀಳುತ್ತದೆ.

ಕಟ್ಟರ್ ಎಷ್ಟೇ ಚೆನ್ನಾಗಿದ್ದರೂ ಒಳ ಅಂಚನ್ನು ಸ್ವಲ್ಪ ಒಳಕ್ಕೆ ನೂಕಿಯೇ ಇರುತ್ತದೆ. ಪೈಪಿನ ಬಾಯಿ ಕೆಳಮುಖವಾಗಿ ಹಿಡಿದು, ರೀಮರ್ ಆಡಿಸಿ ಆ ಅಂಚು ತೆಗೆಯಿರಿ. ಚೂರು ನೆಲಕ್ಕೆ ಬೀಳಲಿ, ಪೈಪಿಗಲ್ಲ. ಆಮೇಲೆ ಅರದಿಂದ ತುದಿಯನ್ನು ಮಟ್ಟ ಮಾಡಿ, ಹೊರ ಅಂಚನ್ನು ಸುತ್ತಲೂ ಒಂದಿಷ್ಟು ಸವರಿ. ಫ್ಲೇರ್ ಸೀಳುವುದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಇಲ್ಲಿ ಬಿಟ್ಟ ಒಂದು ಮುಳ್ಳು. ಆ ಮುಳ್ಳು ಇದ್ದ ಕಡೆಯಿಂದಲೇ ಲೋಹ ಹರಿಯತೊಡಗುತ್ತದೆ. ಪೈಪಿನ ಮೇಲೆ ಪ್ಲಾಸ್ಟಿಕ್ ಲೇಪವಿದ್ದರೆ ಅರಳುವಷ್ಟು ಭಾಗದ್ದನ್ನು ಮಾತ್ರ ಕೆರೆದು ತೆಗೆಯಿರಿ. ಬ್ಲೇಡಿನಿಂದ ಲೋಹಕ್ಕೆ ಗೆರೆ ಬೀಳಬಾರದು.

ಈಗ ನಟ್ ತೊಡಿಸಿ, ಥ್ರೆಡ್ ಇರುವ ಮೂತಿ ತುದಿಯ ಕಡೆ ಬರುವಂತೆ. ನಗಬೇಡಿ. ಅಂದವಾದ ಫ್ಲೇರ್ ಮಾಡಿ ಮುಗಿಸಿ, ನಟ್ ಬೆಂಚಿನ ಮೇಲೇ ಕೂತಿರುವುದನ್ನು ನೋಡುವುದು ಈ ಕೆಲಸದಲ್ಲಿ ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ಎರಡನೆಯ ತುದಿ ಮಾಡುವಾಗ ಇನ್ನೂ ಹೆಚ್ಚು, ಏಕೆಂದರೆ ಆಗ ಎರಡನೆಯ ನಟ್ಟೂ ಪೈಪಿನ ಮೇಲಿರಬೇಕು, ಎರಡೂ ಬೆನ್ನಿಗೆ ಬೆನ್ನು ಮಾಡಿ.

ಬಾರಿನ 4.75 ತೂತಿಗೆ ಪೈಪ್ ಕೂರಿಸಿ. ತೂತಿನ ಬಾಯಿ ಇಳಿಜಾರಾಗಿ ಕೊರೆದಿರುವ ಮುಖದಿಂದಲೇ ಪೈಪ್ ಹೊರಗೆ ಇಣುಕಬೇಕು. ಎಷ್ಟು ಇಣುಕಬೇಕು ಎಂಬುದಕ್ಕೆ ಅಳತೆಗೋಲು ಬೇಡ, ಆ ಅಡಾಪ್ಟರೇ ಅಳತೆ: ಅದನ್ನು ಬೋರಲು ಮಾಡಿ ಬಾರಿನ ಮೇಲೆ ಇಡಿ, ಅದರ ಮೆಟ್ಟಿಲಿನ ಎತ್ತರಕ್ಕೆ ಪೈಪಿನ ತುದಿ ಸಮ ಇರಲಿ. ಬಾರನ್ನು ಬಿಗಿಯುವಾಗ ಪೈಪಿಗೆ ಹತ್ತಿರದ ನಟ್ ಮೊದಲು, ದೂರದ್ದು ನಂತರ. ಬಲವಾಗಿಯೇ ಬಿಗಿಯಿರಿ. ಹಿಡಿತದ ಜಾಗದಲ್ಲಿ ಎಣ್ಣೆ ಇದ್ದರೆ ಒತ್ತಿದಾಗ ಪೈಪ್ ಹಿಂದಕ್ಕೆ ಜಾರುತ್ತದೆ, ಫ್ಲೇರ್ ಗಿಡ್ಡವಾಗುತ್ತದೆ. ಒರೆಸಿ ಹಿಡಿಯಿರಿ.

ಅಡಾಪ್ಟರಿನ ಚಿಕ್ಕ ಮೊಳೆಯನ್ನು ಪೈಪಿನ ತೂತಿಗೆ ಇಳಿಸಿ, ಒಂದು ಹನಿ ಹೊಸ ಬ್ರೇಕ್ ಆಯಿಲ್ ಹಚ್ಚಿ. ಇಂಜಿನ್ ಆಯಿಲ್, ಗ್ರೀಸ್ ಬೇಡ. ಅವು ಬ್ರೇಕಿನ ರಬ್ಬರ್ ಊದಿಸುತ್ತವೆ. ಚೌಕಟ್ಟು ಕೂರಿಸಿ ಸ್ಕ್ರೂ ತಿರುಗಿಸುತ್ತ ಹೋಗಿ. ಅಡಾಪ್ಟರಿನ ಭುಜ ಬಾರಿಗೆ ಮುಟ್ಟಿದಾಗ ನಿಲ್ಲಿಸಿ. ಬಿಚ್ಚಿ ನೋಡಿದರೆ ತುದಿ ಒಳಕ್ಕೆ ಬಾಗಿ, ಚಿಕ್ಕ ಗುಬಟಿನಂತಾಗಿರುತ್ತದೆ. ಅಡಾಪ್ಟರಿನ ಮೊಳೆ ಪೈಪಿನೊಳಗೇ ಕಚ್ಚಿಕೊಂಡಿದ್ದರೆ ನಿಧಾನ ತಿರುಗಿಸಿ ಎಳೆಯಿರಿ, ಮುರಿದೀತು.

ಬಾರನ್ನು ಸಡಿಲಿಸದೆ, ಈಗ ಅಡಾಪ್ಟರ್ ಇಲ್ಲದೆ ಬರೀ ಕೋನನ್ನು ಇಳಿಸಿ. ಗುಬಟಿನ ಮೇಲ್ಭಾಗ ಒಳಕ್ಕೆ ಮಡಚಿ, ಕೆಳಗಿನ ಪದರದ ಮೇಲೆ ಬಂದು ಕೂರುತ್ತದೆ. ಕೈಗೆ ತಡೆ ಸಿಕ್ಕಾಗ ಇನ್ನೊಂದು ಚೂರು ಒತ್ತಿ ಸಾಕು ಮಾಡಿ. ಇನ್ನೂ ಒತ್ತಿದರೆ ಅಂಚು ತೆಳ್ಳಗಾಗುತ್ತದೆ.

ಆದ ಫ್ಲೇರನ್ನು ಬೆಳಕಿಗೆ ಹಿಡಿದು ನೋಡಿ. ಅಗಲ ಸುಮಾರು 7 ಮಿ.ಮೀ. ಅಂಚು ಚೂಪಾಗಿರದೆ ದುಂಡಗೆ, ಹೆಂಚಿನ ಮೇಲೆ ಅಂಚು ಮಡಚಿದ ದೋಸೆಯಂತೆ ತುಂಬಿಕೊಂಡಿರಬೇಕು. ಒಳಮುಖ ಕನ್ನಡಿಯಂತೆ ನುಣುಪು, ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ತೂತು ನಟ್ಟನಡುವೆ ಇರಬೇಕು. ಬಾರಿನ ಗೀರುಗಳು ಪೈಪಿನ ಹೊರಮೈಯಲ್ಲಿ ಕಾಣುವುದು ಸಹಜ, ಅದಕ್ಕೆ ಚಿಂತೆ ಬೇಡ. ಅರಳಿದ ಬಾಯಿಯ ಒಳಗೆ ಒಂದೂ ಇರಬಾರದು.

ಒಂದು ಪಕ್ಕ ಅಗಲ ಇನ್ನೊಂದು ಪಕ್ಕ ಕಿರಿದಾಗಿ ಬಂದರೆ ತುದಿ ಓರೆಯಾಗಿ ಕತ್ತರಿಸಿದೆ, ಇಲ್ಲವೇ ಅಡಾಪ್ಟರ್ ವಾಲಿತ್ತು. ಅಂಚಿನಲ್ಲಿ ಸೀಳು ಬಂದರೆ ಮುಳ್ಳು ಉಳಿದಿತ್ತು, ಅಥವಾ ಪೈಪೇ ಕಳಪೆ. ಬಾಯಿ ಸಣ್ಣದಾಗಿದ್ದರೆ ಬಾರಿನಿಂದ ಇಣುಕಿದ್ದು ಕಮ್ಮಿ, ಇಲ್ಲವೇ ಪೈಪ್ ಜಾರಿದೆ. ಮಡಿಕೆ ಸುಕ್ಕುಗಟ್ಟಿ ಒಂದು ಕಡೆ ವಾಲಿದ್ದರೆ ಇಣುಕಿದ್ದು ಹೆಚ್ಚಾಯಿತು. ಯಾವುದಾದರೂ ಸರಿಯೇ, ಇದ್ದ ಫ್ಲೇರನ್ನು ಮತ್ತೆ ಒತ್ತಿ ಸರಿಪಡಿಸಲು ನೋಡಬೇಡಿ. ಒಮ್ಮೆ ಮಡಚಿದ ಲೋಹ ಗಡುಸಾಗಿರುತ್ತದೆ. ಕತ್ತರಿಸಿ ಎಸೆದು ಮೊದಲಿಂದ ಮಾಡಿ, ಒಂದು ಗೇಣು ಹೆಚ್ಚು ಇಟ್ಟುಕೊಳ್ಳಲು ಹೇಳಿದ್ದು ಇದಕ್ಕೇ.

ಬಬಲ್ ಫ್ಲೇರ್ ಆದರೆ ಕೋನಿನ ಹಂತವಿಲ್ಲ. ಅದರ ಡೈಯನ್ನು ಒಮ್ಮೆ ಪೂರ್ತಿ ಒತ್ತಿದರೆ ಮುಗಿಯಿತು.

ಬಾಗಿಸುವುದು

ಸುರುಳಿಯಿಂದ ಪೈಪನ್ನು ಎಳೆದು ಬಿಚ್ಚಬೇಡಿ, ಸಮತಟ್ಟಾದ ಹಲಗೆಯ ಮೇಲೆ ಉರುಳಿಸುತ್ತ ಬಿಚ್ಚಿ. ತಿರುವಿನ ಅರ್ಧವ್ಯಾಸ 15 ಮಿ.ಮೀ.ಗಿಂತ ಕಮ್ಮಿ ಬೇಡ, ಅಂದರೆ ಪೈಪಿನ ಮೂರು ಪಟ್ಟು. ಬೆಂಡರ್ ಇಲ್ಲದೆ ಮಂಡಿಯ ಮೇಲೆ ಒತ್ತಿದರೆ ಒಳಗೆ ಚಪ್ಪಟೆಯಾಗುತ್ತದೆ, ಆ ಚಕ್ರಕ್ಕೆ ಆಯಿಲ್ ತಡವಾಗಿ ಹೋಗಿ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ತುದಿಯ ಹತ್ತಿರ ಕನಿಷ್ಠ 40 ಮಿ.ಮೀ. ನೇರ ಬಿಡಿ. ಇಲ್ಲದಿದ್ದರೆ ನಟ್ ಹಿಂದಕ್ಕೆ ಸರಿಯಲು, ಬಾರ್ ಹಿಡಿಯಲು ಜಾಗವಿರದು.

ಅನುಕೂಲದ ಕ್ರಮ: ಒಂದು ತುದಿ ಅರಳಿಸಿ, ಹಳೆ ಪೈಪಿನ ಪಕ್ಕ ಇಟ್ಟು ತಿರುವುಗಳನ್ನು ಒಂದೊಂದಾಗಿ ಬಾಗಿಸಿ, ಕಾರಿಗೆ ಹಿಡಿದು ನೋಡಿ, ಎರಡನೆಯ ತುದಿಯ ಉದ್ದ ಗುರುತು ಹಾಕಿ, ಕತ್ತರಿಸಿ ಅರಳಿಸಿ. ಮಾಸ್ಟರ್ ಸಿಲಿಂಡರ್ ಬಳಿ ಕಂಪನಿಯವರು ಪೈಪಿಗೆ ಸುರುಳಿ ಕೊಟ್ಟಿದ್ದರೆ ಅದು ಅಲಂಕಾರವಲ್ಲ, ಅದುರು ತಡೆಯಲು ಇರುವುದು. ಹೊಸದರಲ್ಲೂ ಕೊಡಿ. ಸೈಲೆನ್ಸರಿನಿಂದ ದೂರ, ಎಲ್ಲೂ ಕಾರಿನ ಮೈಗೆ ತಾಗದಂತೆ, ಹಳೆ ಕ್ಲಿಪ್ ಇದ್ದಲ್ಲೆಲ್ಲ ಕ್ಲಿಪ್ ಹಾಕಿ. ಕ್ಲಿಪ್ ಮುರಿದಿದ್ದರೆ ಪ್ಲಾಸ್ಟಿಕ್ ಟೈ ಹಾಕಿ ಮುಗಿಸಬೇಡಿ, ಹೊಸ ಕ್ಲಿಪ್ ತನ್ನಿ. ಸಡಿಲವಾಗಿ ತೂಗುವ ಪೈಪ್ ಅದುರಿ ಅದುರಿ ನಟ್ಟಿನ ಬುಡದಲ್ಲಿ ಸೀಳುತ್ತದೆ.

ಕೂಡಿಸುವುದು

ಎಲ್ಲಕ್ಕಿಂತ ಒಳ್ಳೆಯದು ಜಾಯಿಂಟೇ ಇಲ್ಲದೆ, ಕಂಪನಿಯ ಪೈಪಿನ ಒಂದು ಕೊನೆ ಇದ್ದಲ್ಲಿಂದ ಇನ್ನೊಂದು ಕೊನೆವರೆಗೆ ಒಂದೇ ಪೈಪ್. ಆದರೆ ಹಿಂದಿನ ಪೈಪ್ ಟ್ಯಾಂಕಿನ ಮೇಲೆ ಹಾದು ಹೋಗಿದ್ದು, ಆ ಭಾಗ ಚೆನ್ನಾಗಿದ್ದರೆ, ಕೆಟ್ಟಷ್ಟನ್ನು ಕತ್ತರಿಸಿ ಯೂನಿಯನ್ ಹಾಕಿ ಕೂಡಿಸುವುದು ತಪ್ಪಲ್ಲ. ಕಾರಿನಲ್ಲಿ ಉಳಿಯುವ ಹಳೆ ತುದಿಯೂ ಫ್ಲೇರ್ ತಡೆಯುವಷ್ಟು ಗಟ್ಟಿ ಇರಬೇಕು. ಹಾಗಾಗಿ ತುಕ್ಕು ಕೊನೆಯಾದ ಜಾಗದಿಂದ ಒಂದೆರಡು ಇಂಚು ಆಚೆ, ಹೊಳೆಯುವ ಲೋಹ ಸಿಗುವಲ್ಲಿ ಕತ್ತರಿಸಿ.

ಯೂನಿಯನ್ ಅಂದರೆ ಎರಡೂ ಕಡೆ ಒಳ ಥ್ರೆಡ್ ಇರುವ ಚಿಕ್ಕ ತುಂಡು, ತಳದಲ್ಲಿ ಪೈಪಿನ ಬಾಯಿಗೆ ಹೊಂದುವ ಸೀಟು. ಡಬಲ್ ಫ್ಲೇರಿಗೆ ಬೇರೆ, ಬಬಲಿಗೆ ಬೇರೆ. ಅದನ್ನು ನೇರ ಭಾಗದಲ್ಲಿ, ಸ್ಪ್ಯಾನರ್ ಹೋಗುವ ಕಡೆ, ಒಣ ಜಾಗದಲ್ಲಿ ಹಾಕಿ. ತಿರುವಿನಲ್ಲಿ, ಅಲುಗಾಡುವ ಆಕ್ಸಲ್ ಮೇಲೆ ಬೇಡ. ನಲ್ಲಿ ಅಂಗಡಿಯಲ್ಲಿ, ಗ್ಯಾಸ್ ಅಂಗಡಿಯಲ್ಲಿ ಸಿಗುವ, ಹಿತ್ತಾಳೆ ಉಂಗುರ ಒತ್ತಿ ಹಿಡಿಯುವ ಕಂಪ್ರೆಷನ್ ಜಾಯಿಂಟಂತೂ ಖಂಡಿತ ಬೇಡ. ಅದು ಪೈಪನ್ನು ಹೊರಗಿನಿಂದ ಅಮುಕಿ ಹಿಡಿದಿರುತ್ತದೆ ಅಷ್ಟೆ. ಪ್ರತಿ ಬ್ರೇಕಿಗೂ ಒತ್ತಡ ಏರಿ ಇಳಿದು, ಜೊತೆಗೆ ರಸ್ತೆಯ ಅದುರೂ ಸೇರಿ, ಒಂದು ದಿನ ಪೈಪ್ ಅದರಿಂದ ಕಳಚಿ ಬರುತ್ತದೆ.

ಕೂಡಿಸುವ ಮೊದಲು ಪೈಪಿನೊಳಗೆ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಯಿಸಿ, ಗಾಳಿ ಊದಿ ಒಣಗಿಸಿ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಹಾಯಿಸುವ ಅಭ್ಯಾಸ ಕೆಲವೆಡೆ ಇದೆ. ಅದರ ಅಂಶ ಉಳಿದರೂ ಸಾಕು, ಚಕ್ರದ ಬಳಿಯ ವೀಲ್ ಸಿಲಿಂಡರಿನ ರಬ್ಬರ್ ಕಪ್ ಊದಿಕೊಳ್ಳುತ್ತದೆ.

ನಟ್ಟನ್ನು ಬೆರಳಿನಲ್ಲೇ ನಾಲ್ಕೈದು ಸುತ್ತು ಹತ್ತಿಸಿ. ಮೊದಲ ಸುತ್ತಿಗೇ ಸ್ಪ್ಯಾನರ್ ಬೇಕೆನಿಸಿದರೆ ಥ್ರೆಡ್ ಅಡ್ಡ ಹತ್ತುತ್ತಿದೆ, ಬಿಚ್ಚಿ ಪೈಪನ್ನು ನೇರ ಹಿಡಿದು ಮತ್ತೆ ಹತ್ತಿಸಿ. ಎರಡೂ ಕೊನೆ ಬೆರಳಲ್ಲಿ ಹತ್ತಿಸಿದ ಮೇಲೆ, ಎಲ್ಲ ಕ್ಲಿಪ್ ಕೂರಿಸಿದ ಮೇಲೆ ಬಿಗಿಯಿರಿ. ಎಂ10 ನಟ್ಟಿಗೆ ಸಾಮಾನ್ಯವಾಗಿ 14ರಿಂದ 18 ನ್ಯೂಟನ್ ಮೀಟರ್. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಚಿಕ್ಕ ಸ್ಪ್ಯಾನರಿನಲ್ಲಿ ಒಂದು ಕೈಯ ಬಲದಷ್ಟು. ಒಮ್ಮೆ ಬಿಗಿದು, ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿದರೆ ಹೊಸ ಬಾಯಿ ಸೀಟಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಯೂನಿಯನ್ನಿಗೆ ಎರಡು ಸ್ಪ್ಯಾನರ್ ಬೇಕು, ಒಂದು ತಡೆಯಲು, ಒಂದು ಬಿಗಿಯಲು.

ಗಾಳಿ ತೆಗೆಯುವುದು

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ತನ್ನಿ, ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್ ಆಯಿಲ್, ಇವುಗಳ ಜೊತೆ ಬೆರೆಸುವಂತಿಲ್ಲ, ಡಾಟ್ 5.1 ಬೇರೆ, ಹೆಸರು ನೋಡಿ ಗೊಂದಲವಾಗಬೇಡಿ. ಒಂದು ಲೈನಿಗೆ ಅರ್ಧ ಲೀಟರ್ ಸಾಕು, ಇಡೀ ಕಾರಿನದನ್ನು ಬದಲಿಸುವುದಾದರೆ ಒಂದು ಲೀಟರ್ ಇರಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಗೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಕುದಿಬಿಂದು ಬೇಕು, ತೇವ ಹೀರಿದ ಮೇಲಿನ ಮಿತಿ 155ಕ್ಕೆ ಇಳಿಯುತ್ತದೆ. ಕಳೆದ ಮಳೆಗಾಲದಲ್ಲಿ ತೆರೆದು ಅಟ್ಟದ ಮೇಲೆ ಇಟ್ಟ ಅರ್ಧ ಬಾಟಲಿ ಇದಕ್ಕೆ ಬರುವುದಿಲ್ಲ.

ಪೆಡಲಿಗೆ ಕೊಟ್ಟ ಕೋಲು ತೆಗೆದು, ಚಕ್ರದ ಬಳಿಯ ಗಾಳಿ ತೆಗೆಯುವ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಹೊರಗಿನವರು ನಿಪ್ಪಲ್ ಸಡಿಲಿಸಿ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. "ಒತ್ತು", "ಬಿಡು" ಎಂಬ ಎರಡು ಮಾತು ತಪ್ಪಿದರೆ ಹೊರಟ ಗಾಳಿ ಮತ್ತೆ ಒಳಕ್ಕೆ. ನಾಲ್ಕೈದು ಒತ್ತಿಗೊಮ್ಮೆ ಡಬ್ಬಿ ನೋಡಿ ತುಂಬಿಸಿ. ಚಕ್ರಗಳ ಕ್ರಮ ಕಾರಿನ ಪುಸ್ತಕದಂತೆ. ಮುಂದಿನ ಎಡ ಹಿಂದಿನ ಬಲ ಒಂದು ಜೋಡಿ, ಮುಂದಿನ ಬಲ ಹಿಂದಿನ ಎಡ ಇನ್ನೊಂದು ಎಂಬ ವ್ಯವಸ್ಥೆ ಹೆಚ್ಚಿನ ಚಿಕ್ಕ ಕಾರುಗಳಲ್ಲಿದೆ. ಆದ್ದರಿಂದ ನೀವು ಮುಟ್ಟಿದ ಪೈಪ್ ಹಿಂದಿನದಾದರೂ ಅದರ ಮುಂದಿನ ಜೋಡಿಯಿಂದಲೂ ಗಾಳಿ ತೆಗೆಯಿರಿ.

ಪರೀಕ್ಷೆ

ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ. ಇಂಜಿನ್ ಚಾಲೂ ಮಾಡಿ, ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿ ಒಂದು ನಿಮಿಷ ಹಿಡಿಯಿರಿ. ಪೆಡಲ್ ನಿಧಾನವಾಗಿ ಕೆಳಗೆ ಇಳಿಯಬಾರದು. ಅಷ್ಟರಲ್ಲಿ ಇನ್ನೊಬ್ಬರು ಬಿಳಿ ಟಿಶ್ಯೂ ಕಾಗದವನ್ನು ಒಂದೊಂದು ನಟ್ಟಿಗೂ ಸುತ್ತಿ ತೆಗೆದು ನೋಡಬೇಕು. ಕಣ್ಣಿಗೆ ಕಾಣದ ಒಸರು ಕಾಗದದ ಮೇಲೆ ಕಲೆಯಾಗಿ ಬರುತ್ತದೆ. ಒಸರಿದರೆ ಸಡಿಲಿಸಿ ಇನ್ನೊಮ್ಮೆ ಬಿಗಿಯಿರಿ. ಆಗಲೂ ನಿಲ್ಲದಿದ್ದರೆ ಬಲ ಹಾಕಿ ಹಿಂಡಬೇಡಿ, ಬಿಚ್ಚಿ ಬಾಯಿಯನ್ನೂ ಸೀಟನ್ನೂ ನೋಡಿ. ಫ್ಲೇರಿನ ಮೇಲೆ ಸೀಟಿನ ಗುರುತು ಪೂರ್ತಿ ಉಂಗುರವಾಗಿ ಬಿದ್ದಿರಬೇಕು. ಉಂಗುರ ಒಂದು ಕಡೆ ಕಡಿದಿದ್ದರೆ ಆ ಕಡೆಯಿಂದಲೇ ಸೋರುತ್ತಿತ್ತು, ಹೊಸ ಫ್ಲೇರ್ ಮಾಡಿ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಉಳಿದಿದೆ. ಗಟ್ಟಿ ಸಿಕ್ಕ ಮೇಲೆ ಜನರಿಲ್ಲದ ಮೈದಾನದಲ್ಲೋ ಓಣಿಯಲ್ಲೋ ನಡಿಗೆಯ ವೇಗದಲ್ಲಿ ಒತ್ತಿ ನೋಡಿ, ಆಮೇಲೆ 20, ಆಮೇಲೆ 40 ಕಿ.ಮೀ. ವೇಗದಲ್ಲಿ. ವಾಪಸು ಬಂದು ಟಿಶ್ಯೂ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ವಾರದ ಮೇಲೆ ಇನ್ನೊಮ್ಮೆ.

ಬಾಡಿಯ ಮೇಲೆ ಚೆಲ್ಲಿದ ಬ್ರೇಕ್ ಆಯಿಲ್ ಬಣ್ಣವನ್ನು ಎಬ್ಬಿಸುತ್ತದೆ. ಅದು ನೀರಿನಲ್ಲಿ ಕರಗುವಂಥದು, ತಕ್ಷಣ ಧಾರಾಳ ನೀರು ಸುರಿದು ತೊಳೆಯಿರಿ. ಸ್ಟೀಲ್ ಪೈಪ್ ಹಾಕಿದ್ದರೆ ಎಲ್ಲ ಒಣಗಿದ ಮೇಲೆ ನಟ್ಟಿನ ಬುಡಕ್ಕೂ ಕ್ಲಿಪ್ಪಿನ ಅಡಿಗೂ ತುಕ್ಕು ನಿರೋಧಕ ಮೇಣ ಬಳಿಯಿರಿ. ಹಳೆ ಪೈಪ್ ತಿಂದು ಹೋದದ್ದು ಅಲ್ಲೇ ತಾನೇ.